ರುಚಿಯ ಅರ್ಪಣ

(ಶ್ರಾವಣ ಮಾಸದ ಪ್ರವಚನ ಮಂಗಲದ ದಿನ ಮನೋಳಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ನಾಗರ ಅಮಾವಾಸ್ಯೆಯ ಮರುದಿನ ಆರಂಭವಾದ ಈ ಪ್ರವಚನ ಇಂದು ಮಂಗಲವಾಗುತ್ತಲಿದೆ. ಒಂದು ತಿಂಗಳ ಪರ್ಯಂತ ನೀವು ಮಳೆಯೆನ್ನದೆ ಕೆಸರೆನ್ನದೆ, ಸಂಜೆ ಹಾಲು ಹಿಂಡುವ ಹೊತ್ತನ್ನು ಅತ್ತಿತ್ತ ಮಾಡಿಕೊಂಡು, ಇಲ್ಲಿ ಬಂದು ಕುಳಿತು ಕೇಳಿದಿರಿ. ಕೆಲವರು ಕುಳಿತು ನಿದ್ರೆಯನ್ನೂ ಮಾಡಿದಿರಿ. ಹೊಲದಲ್ಲಿ ದುಡಿದು ಬಂದ ದೇಹಕ್ಕೆ ತಂಪು ಗಾಳಿ ತಾಗಿದರೆ ಕಣ್ಣು ಮುಚ್ಚುವುದು ಸಹಜ. ಅದಕ್ಕಾಗಿ ನಾವು ಬೇಸರಪಟ್ಟಿಲ್ಲ.

ಮೊದಲನೆಯ ದಿನ ನಾವು ನಿಮಗೊಂದು ವ್ರತ ಹೇಳಿದ್ದು ನೆನಪಿರಬಹುದು. ಶ್ರಾವಣ ಬಂದಿತೆಂದರೆ ಬಿಡುವ ವ್ರತಗಳೇ ಹೆಚ್ಚು. ಒಬ್ಬರು ಒಪ್ಪತ್ತು ಊಟ ಹಿಡಿಯುತ್ತಾರೆ, ಒಬ್ಬರು ಉಳ್ಳಾಗಡ್ಡಿ ಬಿಡುತ್ತಾರೆ, ಒಬ್ಬರು ಚಹಾ ಬಿಡುತ್ತಾರೆ. ಬಿಡುವುದು ಒಳ್ಳೆಯದೇ. ಚಹಾ ಬಿಟ್ಟವರು ಕೆಲವರು ತಿಂಗಳೆಲ್ಲ ಮನೆಮಂದಿಯ ಮೇಲೆ ಸಿಟ್ಟು ಮಾಡಿದ ಸುದ್ದಿಯೂ ನಮ್ಮ ಕಿವಿಗೆ ಬಿದ್ದಿದೆ, ಅದಿರಲಿ. ನಾವು ಹೇಳಿದ್ದು ಹಿಡಿಯುವ ವ್ರತ. ದಿನಕ್ಕೆ ಒಂದು ಸಣ್ಣ ಸುಖವನ್ನು ಪೂರ್ಣ ಮನಸ್ಸಿಟ್ಟು ಅನುಭವಿಸಬೇಕು. ಅದು ದುಡ್ಡು ಕೊಟ್ಟು ತಂದುದಾಗಿರಬಾರದು. ಸೋಮವಾರ ಮಠಕ್ಕೆ ಬಂದಾಗ ಅದನ್ನು ನಮಗೆ ಹೇಳಬೇಕು. ಇಷ್ಟೇ ಅದರ ವಿಧಿ.

ಅಂದು ಹಲವರು ನಕ್ಕರು. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಮಾತ್ರ ನಗಲಿಲ್ಲ. "ಅಜ್ಜಾರ, ಇಂದ್ರಿಯ ಗೆಲ್ಲರಿ ಅಂತ ಹೇಳೋ ಮಠದಾಗ ಕುಂತು ರುಚಿ ನೋಡ್ರಿ ಅಂತ ಹೇಳಾಕ ಹತ್ತೀರಿ, ಇದ ಹೆಂಗ?" ಎಂದು ಕೇಳಿದರು. ಪ್ರಶ್ನೆ ಯೋಗ್ಯವಾದುದು. ಅಂದು ಉತ್ತರ ಕೊಡದೆ, ತಿಂಗಳು ಮುಗಿಯಲಿ ಎಂದಿದ್ದೆವು. ಆ ಸಾಲವನ್ನು ಇಂದು ತೀರಿಸಬೇಕು.

ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಸ್ಥಲಗಳುಂಟು. ಒಂದೊಂದು ಸ್ಥಲಕ್ಕೆ ಒಂದೊಂದು ಬಗೆಯ ಭಕ್ತಿಯನ್ನು ಹೇಳಿದ್ದಾರೆ. ಭಕ್ತನಿಗೆ ಶ್ರದ್ಧಾಭಕ್ತಿ, ಮಹೇಶನಿಗೆ ನಿಷ್ಠಾಭಕ್ತಿ. ಮೂರನೆಯವನಾದ ಪ್ರಸಾದಿಗೆ ಏನು ಭಕ್ತಿ? ಅವಧಾನಭಕ್ತಿ. ಅವಧಾನವೆಂದರೆ ಎಚ್ಚರ, ಲಕ್ಷ್ಯವಿಡುವುದು. ನೋಡಿರಿ, ಶ್ರದ್ಧೆ ಬಂದಿತು, ನಿಷ್ಠೆಯೂ ಬಂದಿತು, ಆದರೂ ಕೈಗೆ ಬಂದುದರ ಮೇಲೆ ಲಕ್ಷ್ಯವಿಲ್ಲದಿದ್ದರೆ ಮೂರನೆಯ ಮೆಟ್ಟಿಲು ಹತ್ತಲಾಗುವುದಿಲ್ಲ. ಶರಣರು ಪದಾರ್ಥವನ್ನು ತಿರಸ್ಕರಿಸಿ ಓಡಿಹೋಗಿರೆಂದು ಹೇಳಿದವರಲ್ಲ. ಪದಾರ್ಥದ ರೂಪವನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸಬೇಕೆಂಬುದು ಅವರ ಕ್ರಮ. ಈಗ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಇಂದು ಮುಂಜಾನೆ ತಿಂದ ರೊಟ್ಟಿಯ ರೂಪವನ್ನು ನೋಡಿದವರು ಎಷ್ಟು ಮಂದಿ? ಅದು ಬಿಳಿಜೋಳದ್ದೋ, ಸುಟ್ಟ ಕಲೆ ಎಲ್ಲಿತ್ತು, ಅಂಚು ಕಟಕಲಾಗಿತ್ತೋ ಮೆತ್ತಗಿತ್ತೋ? ರೂಪವನ್ನೇ ನೋಡದವನು ರೂಪವನ್ನು ಅರ್ಪಿಸುವುದು ಎಂತು? ರುಚಿಯನ್ನೇ ಅರಿಯದೆ ನುಂಗಿದವನು ಪ್ರಾಣಲಿಂಗಕ್ಕೆ ಏನನ್ನು ಕೊಟ್ಟಂತಾಯಿತು? ಬರಿಗೈ ತೋರಿಸಿದಂತಾಯಿತು.

ಪ್ರಸಾದ ಎಂಬ ಶಬ್ದವನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಪ್ರ ಎಂಬ ಉಪಸರ್ಗ, ಸದ್ ಎಂಬ ಧಾತು. ಕೆಳಗೆ ಕೂಡ್ರುವುದು, ನೆಲೆಗೊಳ್ಳುವುದು, ಆ ಮೂಲಕ ತಿಳಿಯಾಗುವುದು ಎಂದು ಅದರ ಭಾವ. ಕೊಡದಲ್ಲಿಯ ನೀರು ನಿಂತು ತಿಳಿಯಾದರೆ ಸಂಸ್ಕೃತದಲ್ಲಿ ಪ್ರಸನ್ನ ಜಲವೆನ್ನುತ್ತಾರೆ. ಮನೋಳಿಯ ಜನರಿಗೆ ಇದನ್ನು ವ್ಯಾಕರಣದಿಂದ ಹೇಳಬೇಕಾಗಿಲ್ಲ. ಪುಷ್ಯ, ಆಶ್ಲೇಷ ಮಳೆಗಳು ಹಿಡಿದಾಗ ಮಲಪ್ರಭೆಯ ನೀರು ಕೆಂಪಗೆ ಬರುತ್ತದೆ. ಹಿಂದೆ ಹೊಳೆಯ ನೀರನ್ನೇ ಕುಡಿಯುತ್ತಿದ್ದ ಕಾಲದಲ್ಲಿ ತಾಯಂದಿರು ಪಟಿಕದ ಹರಳನ್ನು ಎರಡು ಸುತ್ತು ಆಡಿಸಿ, ಕೊಡವನ್ನು ಅಲುಗಿಸದೆ ಇಡುತ್ತಿದ್ದರು. ಮುಂಜಾನೆಗೆ ರಾಡಿ ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತಿತ್ತು. ನೀರು ಅದೇ, ಕೊಡವೂ ಅದೇ. ಅಲುಗಿಸದೆ ಇಟ್ಟದ್ದು ಮಾತ್ರ ವಿಶೇಷ. ಕನಕುಂಬಿಯಲ್ಲಿ ಹುಟ್ಟಿ, ನಮ್ಮ ಊರ ಮಗ್ಗುಲಿಗೆ ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ನೀರು ಅದು. ಬಸವಣ್ಣನವರು ಯಾವ ಸಂಗಮದ ಹೆಸರನ್ನು ತಮ್ಮ ವಚನಗಳ ಅಂಕಿತವಾಗಿ ಇಟ್ಟುಕೊಂಡರೋ ಆ ಸಂಗಮಕ್ಕೆ ಹೋಗುವ ನೀರನ್ನು ನಾವು ದಿನಾಲು ಚೊಂಬಿನಲ್ಲಿ ಎತ್ತಿ ಗಟಗಟನೆ ಕುಡಿದು, ಚೊಂಬನ್ನು ಎಲ್ಲಿಟ್ಟೆವೆಂಬುದನ್ನು ಮರೆಯುತ್ತೇವೆ.

ಇದನ್ನು ನಾವು ಬಹಳ ತಡವಾಗಿ ಕಲಿತೆವು. ಕಲಿಯುವ ಮುನ್ನ ಒಂದು ತಪ್ಪನ್ನು ಮಾಡಿದೆವು. ಆ ತಪ್ಪನ್ನು ಇಷ್ಟು ವರ್ಷ ಯಾವ ವೇದಿಕೆಯ ಮೇಲೂ ಹೇಳಿರಲಿಲ್ಲ.

ನಾವು ಕಾಶಿಯಲ್ಲಿ ಶಾಸ್ತ್ರಾಭ್ಯಾಸ ಮಾಡುತ್ತಿದ್ದ ಕಾಲ. ವಯಸ್ಸು ಇಪ್ಪತ್ತರ ಒಳಗೆ. ಸದಾನಂದ ಯತಿಗಳ ವೇದಾಂತಸಾರದ ಪಾಠ ನಡೆದಿತ್ತು. ಅದರಲ್ಲಿ ಸಮಾಧಿಗೆ ನಾಲ್ಕು ವಿಘ್ನಗಳನ್ನು ಹೇಳಿದೆ: ಲಯ, ವಿಕ್ಷೇಪ, ಕಷಾಯ, ರಸಾಸ್ವಾದ. ಕೊನೆಯ ಶಬ್ದ ನಮ್ಮ ತಲೆಯಲ್ಲಿ ಬಲವಾಗಿ ಕೂತಿತು. ರಸದ ಆಸ್ವಾದವೇ ವಿಘ್ನವಾದರೆ ರುಚಿಯನ್ನು ಕೊಂದುಬಿಡಬೇಕೆಂದು ನಿಶ್ಚಯಿಸಿದೆವು. ಅನ್ನ, ಬೇಳೆ, ಪಲ್ಯ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ನೀರು ಹಾಕಿಕೊಂಡು ಉಣ್ಣುತ್ತಿದ್ದೆವು. ಸಹಪಾಠಿಗಳು ನೋಡಲಿ ಎಂಬ ಆಸೆಯೂ ಒಳಗೆ ಇದ್ದಿತೆಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಆ ವರ್ಷ ಪಂಚಮಿ ಮುಗಿದ ಮೇಲೆ ನಮ್ಮ ಸೀಮೆಯ ಯಾತ್ರಿಕರೊಬ್ಬರು ಕಾಶಿಗೆ ಬಂದರು. ಬರುವಾಗ ನಮ್ಮ ಹೆತ್ತತಾಯಿ ಕೊಟ್ಟ ಒಂದು ತಗಡಿನ ಡಬ್ಬಿಯನ್ನು ತಂದರು. ಮುಚ್ಚಳಕ್ಕೆ ಹಳೆಯ ಸೀರೆಯ ತುಂಡನ್ನು ಬಿಗಿದು ಕಟ್ಟಿದ್ದಿತು. ಒಳಗೆ ಎಳ್ಳಿನ ಉಂಡಿ, ಶೇಂಗಾ ಉಂಡಿ, ಅಳ್ಳಿಟ್ಟಿನ ಉಂಡಿ. ಆ ಮನೆಯಲ್ಲಿ ಅಷ್ಟು ಬೆಲ್ಲ, ಅಷ್ಟು ತುಪ್ಪ ಕೂಡಿಸುವುದು ಸುಲಭವಾಗಿರಲಿಲ್ಲ. ನಾವು ಡಬ್ಬಿ ಬಿಚ್ಚಿ, ಒಂದನ್ನೂ ಬಾಯಿಗಿಡದೆ, ಅಲ್ಲಿಯೇ ಎಲ್ಲರಿಗೂ ಹಂಚಿಬಿಟ್ಟೆವು. ಹಂಚಿದ್ದು ತಪ್ಪಲ್ಲ. ಒಂದನ್ನೂ ಇಟ್ಟುಕೊಳ್ಳಲಿಲ್ಲ. ಅದರ ಮೇಲೆ ತಾಯಿಗೆ ಒಂದು ಕಾಗದ ಬರೆದೆವು. ಶಾಸ್ತ್ರ ಓದುವವರಿಗೆ ಜಿಹ್ವೆಯ ಹಂಗಿರುವುದಿಲ್ಲ, ಇನ್ನು ಮುಂದೆ ಇಂಥವನ್ನು ಕಳುಹಿಸುವ ಶ್ರಮ ಪಡಬಾರದು ಎಂದು, ಸಂಸ್ಕೃತ ಬೆರೆಸಿ ಬರೆದಿದ್ದೆವು. ಆಕೆಗೆ ಓದು ಬರುತ್ತಿರಲಿಲ್ಲ. ಯಾರೋ ಓದಿ ಹೇಳಿರಬೇಕು.

ಮರುವರ್ಷ ಡಬ್ಬಿ ಬರಲಿಲ್ಲ. ಅದರ ಮರುವರ್ಷ ಆಕೆ ಲಿಂಗೈಕ್ಯಳಾದ ಸುದ್ದಿ ಬಂದಿತು.

ನಮ್ಮ ಗುರುಗಳಿಗೆ ಈ ಡಬ್ಬಿಯ ಸಂಗತಿಯನ್ನು ಆಗ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಸಾಸ್ವಾದ ವಿಘ್ನವೆಂದು ಹೇಳಿದ್ದು ಸಮಾಧಿಯ ಬಾಗಿಲಿಗೆ ಬಂದು, ಅಲ್ಲಿ ತೋರಿದ ಅಲ್ಪಾನಂದಕ್ಕೇ ಸಾಕೆಂದು ನಿಂತವನಿಗೆ. ನೀನಿನ್ನೂ ಅಡುಗೆಮನೆಯ ಬಾಗಿಲನ್ನೇ ದಾಟಿಲ್ಲ" ಎಂದರು. ಮತ್ತೆ ಆ ಮಾತನ್ನು ಎತ್ತಲಿಲ್ಲ. ಗ್ರಂಥದ ಅರ್ಥವನ್ನು ನಾವು ತಿದ್ದಿಕೊಂಡೆವು. ಕಾಗದವನ್ನು ತಿದ್ದಲು ಬರುವಂತಿರಲಿಲ್ಲ.

2019ನೆಯ ಇಸವಿಯ ಶ್ರಾವಣ ನಿಮಗಾರಿಗೂ ಮರೆತಿಲ್ಲ. ಆ ವರ್ಷ ಆಗಸ್ಟ್ 5ಕ್ಕೆ ನಾಗಪಂಚಮಿ. ಹೆಣ್ಣುಮಕ್ಕಳು ತವರಿಗೆ ಬಂದಿದ್ದರು, ಜೋಕಾಲಿ ಕಟ್ಟಿದ್ದವು. ಹಬ್ಬ ಮುಗಿದ ಒಂದೆರಡು ದಿನದಲ್ಲಿಯೇ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಮೂವತ್ತೇಳು ಟಿ.ಎಂ.ಸಿ.ಗೂ ಮಿಕ್ಕಿ ನೀರು ಹಿಡಿಯುವ ನವಿಲುತೀರ್ಥದ ಜಲಾಶಯ ಹಿಂದಿನ ಹಲವು ವರ್ಷ ಸರಿಯಾಗಿ ತುಂಬದೆ ನಮ್ಮನ್ನು ಚಿಂತೆಗೀಡು ಮಾಡಿತ್ತು. ಆ ವಾರ ತುಂಬಿ, ಹೊಳೆಗೆ ನೀರು ಬಿಡಬೇಕಾಗಿ ಬಂದು, ದಂಡೆಯ ಊರುಗಳಲ್ಲಿ ಮನೆ ಹೊಕ್ಕಿತು. ಶಾಲೆಗಳಲ್ಲಿ ಜನರನ್ನು ಇಳಿಸಿದರು. ಮಠಗಳಿಂದ ರೊಟ್ಟಿ, ಅನ್ನ ಹೋಯಿತು. ನಾವೂ ಒಂದು ಶಾಲೆಗೆ ಹೋದೆವು.

ಅಲ್ಲಿ ಗೋಡೆಗೆ ಒರಗಿ ಕುಳಿತ ಮುದುಕಿಯೊಬ್ಬಳು ನಮ್ಮನ್ನು ಕಂಡು ಎದ್ದು ಬಂದಳು. ಸೆರಗಿನ ಕೆಳಗಿನಿಂದ ಒಂದು ಡಬ್ಬಿಯನ್ನು ತೆಗೆದು, ಮುಚ್ಚಳ ಬಿಚ್ಚಿ, ಒಂದು ಉಂಡಿಯನ್ನು ನಮ್ಮ ಮುಂದೆ ಹಿಡಿದಳು. "ತಗೋರಿ ಅಜ್ಜಾರ. ಮಗಳಿಗೆ ಕಟ್ಟಿ ಕಳಸಬೇಕಂತ ಇಟ್ಟಿದ್ದೆ. ಹಾಸಿಗಿ ಹೋತು, ಜ್ವಾಳದ ಚೀಲ ಹೋದವು. ಓಡಿ ಬರೋ ಮುಂದ ಕೈಗೆ ಸಿಕ್ಕಿದ್ದು ಇದೊಂದ."

ಮಕ್ಕಳಿಗೆ ಕೊಡು ತಾಯಿ ಎಂದು ಹೇಳಬೇಕೆಂದು ಬಾಯಿ ತೆರೆದೆವು. ಮಾತು ಹೊರಡಲಿಲ್ಲ. ಮೂವತ್ತು ವರ್ಷದ ಹಿಂದೆ ಕಟ್ಟಿದ ಸೀರೆಯ ತುಂಡು ಕಣ್ಣ ಮುಂದೆ ಬಂದಿತು. ಉಂಡಿಯನ್ನು ಕೈಯಲ್ಲಿ ತೆಗೆದುಕೊಂಡು, ಕರಸ್ಥಲದ ಲಿಂಗಕ್ಕೆ ತೋರಿಸಿ, ಅಲ್ಲಿಯೇ ನಿಂತು ತಿಂದೆವು. ಎಳ್ಳಿನ ಉಂಡಿ. ಮಳೆಯ ಥಂಡಿಗೆ ಸ್ವಲ್ಪ ಮೆತ್ತಗಾಗಿದ್ದಿತು. ಎಳ್ಳು ಎಲ್ಲಿಯೋ ಒಂದೆಡೆ ಹೆಚ್ಚು ಹುರಿದು ಕಿಂಚಿತ್ತು ಕಹಿ ಬಂದಿದ್ದಿತು, ಅದರ ಹಿಂದೆಯೇ ಬೆಲ್ಲ, ಕೊನೆಗೆ ಯಾಲಕ್ಕಿ. ಆಕೆ ನಮ್ಮ ಮುಖವನ್ನೇ ನೋಡುತ್ತಿದ್ದಳು. "ಬೆಲ್ಲದ ಪಾಕ ಹದಾ ಆಗೇತೇನ್ರಿ?" ಎಂದಳು. "ಆಗೇತವ್ವಾ, ಎಳ್ಳ ಮಾತ್ರ ಒಂಚೂರು ಹೆಚ್ಚ ಹುರದೀ" ಎಂದೆವು. ಆಕೆ ನಕ್ಕುಬಿಟ್ಟಳು. "ಸೊಸಿ ಹುರದಾಳ್ರಿ, ನಾ ಅಲ್ಲ" ಎಂದಳು. ಮೂರು ದಿನದಲ್ಲಿ ಆಕೆ ನಕ್ಕದ್ದು ಅದೇ ಮೊದಲೆಂದು ಮಗ್ಗುಲಲ್ಲಿ ಕುಳಿತವಳು ಹೇಳಿದಳು.

ಇದನ್ನು ತಪ್ಪಾಗಿ ತಿಳಿಯಬಾರದು. ಮನೆ ಬಿದ್ದವಳಿಗೆ ಮನೆಯೇ ಆಗಬೇಕು, ಜೋಳ ಹೋದವಳಿಗೆ ಜೋಳವೇ ಆಗಬೇಕು. ಅದನ್ನು ಸರಕಾರವೂ ಮಠವೂ ಉಳ್ಳವರೂ ಕೂಡಿ ಕೊಡಬೇಕು. ನಾಲ್ಕು ಒಳ್ಳೆಯ ಮಾತು ಹೇಳಿ ಎದ್ದು ಬರುವ ಸ್ವಾಮಿಗಳಿಂದ ನೆರೆಯ ಸಂತ್ರಸ್ತರಿಗೆ ಪ್ರಯೋಜನವಿಲ್ಲ. ನಾವು ಹೇಳುವುದು ಇಷ್ಟೇ: ಆ ಉಂಡಿಯನ್ನು ನಾವು ಸುಮ್ಮನೆ ನುಂಗಿದ್ದರೆ ಅದು ಆಹಾರವಾಗುತ್ತಿತ್ತು, ಬೇಡವೆಂದಿದ್ದರೆ ಎರಡನೆಯ ಕಾಗದ ಬರೆದಂತಾಗುತ್ತಿತ್ತು.

ಅಂದು ಮತ್ತೊಂದನ್ನು ಗಮನಿಸಿದೆವು. ಒಂದು ಉಂಡಿಯನ್ನು ಲಕ್ಷ್ಯಕೊಟ್ಟು ತಿಂದ ಮೇಲೆ ಎರಡನೆಯದರ ಆಸೆ ಹುಟ್ಟಲಿಲ್ಲ. ಭೋಗಿಗೂ ಪ್ರಸಾದಿಗೂ ಇರುವ ಭೇದವನ್ನು ಇಲ್ಲಿ ಹುಡುಕಬೇಕು. ಭೋಗಿಯ ಬಾಯಲ್ಲಿ ಮೊದಲನೆಯದು ಇರುವಾಗಲೇ ಕಣ್ಣು ಡಬ್ಬಿಯಲ್ಲಿರುತ್ತದೆ. ಅವನು ಹತ್ತು ತಿಂದರೂ ಒಂದನ್ನೂ ತಿಂದವನಲ್ಲ. ಮೊದಲನೆಯ ದಿನ ಪ್ರಶ್ನೆ ಕೇಳಿದ ಹಿರಿಯರಿಗೆ ನಮ್ಮ ಉತ್ತರ ಇದು. ಇಂದ್ರಿಯಗಳ ಬಾಗಿಲನ್ನು ಬಡಿದು ಮುಚ್ಚಿದರೆ ಅವು ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತವೆ. ಕಾಶಿಯಲ್ಲಿ ನಮ್ಮ ನಾಲಗೆಯನ್ನು ಕಟ್ಟಿಹಾಕಿದೆವು, ಅದು ಅಹಂಕಾರವಾಗಿ ಕಾಗದದ ಮೇಲೆ ಹರಿಯಿತು.

ಇನ್ನು ಈ ತಿಂಗಳಿನ ವರದಿಗೆ ಬರೋಣ. ಹೆಸರು ಹೇಳುವುದಿಲ್ಲ, ಯಾರೂ ಗಾಬರಿಯಾಗಬೇಡಿರಿ.

ಬಸ್ಸಿನ ಕಂಡಕ್ಟರರೊಬ್ಬರು ಹೇಳಿದರು: ರಾತ್ರಿ ಕೊನೆಯ ಗಾಡಿ ಮುಗಿಸಿ ಮನೆಗೆ ಬಂದು, ಬೂಟು ಕಳಚಿ, ತಣ್ಣಗಿನ ನೆಲದ ಮೇಲೆ ಅಂಗಾಲು ಇಡುವ ಕ್ಷಣ. ಇಪ್ಪತ್ತು ವರ್ಷದಿಂದ ದಿನಾಲು ಆಗುತ್ತಿದ್ದುದೇ, ಈ ಶ್ರಾವಣದಲ್ಲಿ ಗೊತ್ತಾಯಿತು ಎಂದರು. ಸ್ಪರ್ಶದ ಸುಖಕ್ಕೆ ಜಂಗಮಲಿಂಗವನ್ನು ಹೇಳಿದ್ದಾರೆಂದು ನಾವು ಅವರಿಗೆ ತಿಳಿಸಿದಾಗ, "ಹಂಗಾರ ನಾ ದಿನಾ ಪೂಜಿ ಮಾಡಿಧಂಗ ಆತಲ್ರಿ" ಎಂದು ಖುಷಿಪಟ್ಟರು. ಲಕ್ಷ್ಯವಿಟ್ಟ ದಿನ ಮಾತ್ರ ಎಂದು ಹೇಳಿ ಕಳಿಸಿದೆವು.

ಪೇಟೆಯ ವ್ಯಾಪಾರಸ್ಥರೊಬ್ಬರು ಎರಡು ಸೋಮವಾರ ಬರಿಗೈಯಲ್ಲಿ ಬಂದರು. ಅಂಗಡಿಯಲ್ಲಿ ಎಲ್ಲವೂ ಇದೆ, ಸುಖ ಮಾತ್ರ ನೆನಪಾಗುತ್ತಿಲ್ಲ ಎಂದರು. ವಿಚಾರಿಸಲಾಗಿ, ಚಹಾ ಕುಡಿಯುವಾಗ ಮೊಬೈಲು, ಉಣ್ಣುವಾಗ ಮೊಬೈಲು. ಮೂರನೆಯ ಸೋಮವಾರ ಬಂದು, ಮುಂಜಾನೆ ಅಂಗಡಿಯ ಬಾಗಿಲು ತೆಗೆದ ಕೂಡಲೆ ಬರುವ ಹೊಸ ಗೋಣಿಚೀಲದ ವಾಸನೆ ತಮಗೆ ಸಣ್ಣಂದಿನಿಂದ ಸೇರುತ್ತದೆಂದು, ತುಸು ನಾಚಿಕೊಂಡು ಹೇಳಿದರು.

ಆರನೆಯ ಇಯತ್ತೆಯ ಹುಡುಗಿಯೊಬ್ಬಳು ನೋಟುಬುಕ್ಕಿನಲ್ಲಿ ದಿನಕ್ಕೊಂದರಂತೆ ಬರೆದು ತಂದಿದ್ದಳು. ಅದರಲ್ಲಿ ಮಳೆಯಲ್ಲಿ ನೆನೆದದ್ದು, ಜೋಕಾಲಿ ಮೇಲಕ್ಕೆ ಹೋಗಿ ಒಂದು ಕ್ಷಣ ನಿಂತಂತಾಗುವುದು, ಸೊಗಲದ ಧಬಧಬಿಯ ತುಂತುರು ಮುಖಕ್ಕೆ ಬಿದ್ದದ್ದು, ಎಲ್ಲವೂ ಇದ್ದವು. ಹನ್ನೊಂದನೆಯ ದಿನದ್ದನ್ನು ನಾವು ಗಟ್ಟಿಯಾಗಿ ಓದಿದೆವು: ನಸುಕಿನಲ್ಲಿ ಹಾಸಿಗೆಯಲ್ಲಿ ಮಲಗಿಕೊಂಡೇ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುವುದು. ತಾಯಿ ಮಗ್ಗುಲಲ್ಲಿಯೇ ನಿಂತಿದ್ದಳು. "ಲಗ್ನಾಗಿ ಬಂದಾಗಿಂದ ರೊಟ್ಟಿ ಬಡ್ಯಾಕ ಹತ್ತೀನ್ರಿ ಅಜ್ಜಾರ, ಯಾರರೆ ಕೇಳಾಕ ಹತ್ಯಾರ ಅಂತ ಗೊತ್ತಿರಲಿಲ್ಲ" ಎಂದು ಹೇಳಿ ಕಣ್ಣೊರಸಿಕೊಂಡಳು. ಗಂಡಸರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ನಿಮ್ಮ ಮನೆಯಲ್ಲಿಯೂ ಆ ಸಪ್ಪಳ ಆಗುತ್ತದೆ.

ಎಲ್ಲರೂ ಇಂಥದನ್ನೇ ತಂದರೆಂದು ತಿಳಿಯಬೇಡಿರಿ. ಎರಡನೆಯ ಸೋಮವಾರ ಒಬ್ಬ ಒಕ್ಕಲಿಗರು ಬಂದು ನಮಸ್ಕಾರವನ್ನೂ ಸರಿಯಾಗಿ ಮಾಡದೆ ನಿಂತರು. ಅವರ ನಾಲ್ಕು ಎಕರೆ ಹೆಸರು ಕೊಯ್ಲಿಗೆ ಬಂದಿತ್ತು. ಮಳೆ ಬಿಡದೆ ಹಿಡಿದು, ಕಾಯಿ ಗಿಡದಲ್ಲಿಯೇ ಮೊಳಕೆಯೊಡೆದು ಹೋಯಿತು. "ಹೊಟ್ಟಿ ತುಂಬಿದವರಿಗೆ ಹೇಳೋ ಮಾತ್ರೀ ಇದು, ನಮಗಲ್ಲ" ಎಂದರು. ನಾವು ಏನೂ ಹೇಳಲಿಲ್ಲ. ಅವರು ಹೇಳಿದ್ದರಲ್ಲಿ ಸತ್ಯವಿದ್ದಿತು. ಮೂರನೆಯ ಸೋಮವಾರ ಅವರು ಬರಲಿಲ್ಲ. ಅಂದು ರಾತ್ರಿ ನಮಗೆ ಸರಿಯಾಗಿ ನಿದ್ರೆಯೂ ಹತ್ತಲಿಲ್ಲ.

ಕೊನೆಯ ಸೋಮವಾರ ಬಂದರು. ಕುಳಿತು ಬಹಳ ಹೊತ್ತಿನ ಮೇಲೆ ಹೇಳಿದರು. ಒಂದು ದಿನ ಬಿಸಿಲು ಬಿದ್ದಾಗ ಮಗನನ್ನು ಕರೆದುಕೊಂಡು, ಉಳಿದದ್ದಾದರೂ ಸಿಕ್ಕೀತೆಂದು ಹೊಲಕ್ಕೆ ಹೋಗಿದ್ದರಂತೆ. ಹುಡುಗ ಎಲ್ಲಿಯೋ ತಡವಾಗಿ ಹೂ ಬಿಟ್ಟ ಗಿಡದಲ್ಲಿ ನಾಲ್ಕು ಎಳೆಯ ಕಾಯಿ ಹುಡುಕಿ, ಸುಲಿದು ತಾನು ಎರಡು ತಿಂದು, ಎರಡನ್ನು ತಂದೆಯ ಕೈಯಲ್ಲಿ ಹಾಕಿದನಂತೆ. "ನಮ್ಮಪ್ಪ ನನಗ ಹಂಗ ಸುಲದ ಕೊಡತಿದ್ದ. ಸಾಲ ಇದ್ದಲ್ಲೇ ಐತಿ ಅಜ್ಜಾರ. ಆದ್ರ ತಿಂದೆ. ಹಸಿ ಹೆಸರಕಾಯಿ ಸಿಹಿ ಇರತೈತಿ ಅನ್ನೂದ ಮರತ ಹೋಗಿತ್ತ." ಇಷ್ಟೇ ಹೇಳಿ ಎದ್ದು ಹೋದರು.

ಆ ಭಕ್ತರ ಹೆಸರನ್ನು ಹೇಳುವುದಿಲ್ಲವೆಂದೆವು. ಆದರೆ ಹೆಸರು ಹಾಳಾದವರು ಅವರೊಬ್ಬರೇ ಅಲ್ಲ. ಹಿಂಗಾರಿ ಬಿತ್ತಿಗೆಗೆ ಕಡಲೆಬೀಜ ಬೇಕಾದವರು ದಾಸೋಹ ಮುಗಿದ ಮೇಲೆ ಮಠದ ಕಾರ್ಯಾಲಯದಲ್ಲಿ ಹೆಸರು ಬರೆಸಬೇಕು. ಮನೆಯಲ್ಲಿ ಒಳ್ಳೆಯ ಬೀಜವಿದ್ದವರು, ಎಷ್ಟು ಕೊಡುತ್ತೀರೆಂಬುದನ್ನು ಅಲ್ಲಿಯೇ ಬರೆಸಬೇಕು. ಬೆಳೆ ಬಂದ ಮೇಲೆ ಬೀಜಕ್ಕೆ ಬೀಜ ತಿರುಗಿ ಕೊಟ್ಟರಾಯಿತು, ಬಡ್ಡಿಯ ಮಾತಿಲ್ಲ. ಈ ಸಂಗತಿಯಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂಡ್ರಬಾರದು.

ಈಗ ಪ್ರಸಾದ ಸಿದ್ಧವಾಗಿದೆ ಎಂದು ಒಳಗಿನಿಂದ ಎರಡು ಸಲ ಹೇಳಿಕಳುಹಿಸಿದ್ದಾರೆ. ಗೋದಿಯ ಹುಗ್ಗಿ, ಬದನೆಕಾಯಿ ಪಲ್ಯ, ರೊಟ್ಟಿ, ಅನ್ನ, ಸಾರು. ಹುಗ್ಗಿಗೆ ಈ ಸಲ ಬೆಲ್ಲ ಸ್ವಲ್ಪ ಕಡಿಮೆ ಬಿದ್ದಿದೆಯೆಂದು ಅಡುಗೆಯವರು ಮುಂಜಾನೆಯೇ ನಮ್ಮ ಮುಂದೆ ಒಪ್ಪಿಕೊಂಡಿದ್ದಾರೆ. ಹೌದೋ ಅಲ್ಲವೋ ಎಂಬುದನ್ನು ನೀವು ಉಂಡು ಹೇಳಬೇಕು. ಮಕ್ಕಳನ್ನು, ಮುದುಕರನ್ನು ಮೊದಲನೆಯ ಪಂಕ್ತಿಗೆ ಕೂಡ್ರಿಸಿರಿ. ಆರಿಹೋಗುವ ಮುನ್ನ ಏಳಿರಿ.